ದರ್ಶನದ ಹೊಣೆ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದವನಿಗೆ ತಾನು ಕಲಿಯದೆ ಬಿಟ್ಟುದೆಷ್ಟೆಂಬುದು ನಿವೃತ್ತನಾದ ಮೇಲೆಯೇ ತಿಳಿಯುವುದೆಂದು ತೋರುತ್ತದೆ. ನನಗಂತೂ ಹಾಗೆಯೇ ಆಯಿತು. ಆ ಪ್ರಸಂಗವನ್ನು ಸಂಕೋಚದಿಂದಲೇ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಹಲವಾಗಲು ತುಂಗಭದ್ರೆಯ ದಡದ ಊರು. ಹೊಳೆಯ ನೀರನ್ನು ಹೊಲಕ್ಕೆ ಹಾಯಿಸುವ ಕೊಳವೆಯ ವಿಷಯದಲ್ಲಿ ಕಳೆದ ಬೇಸಗೆಯಲ್ಲಿ ಇಬ್ಬರು ರೈತರಿಗೆ ಜಗಳವಾಯಿತು. ಒಬ್ಬನ ಕೈ ಮುರಿಯಿತು. ಹೊಡೆದನೆಂಬ ಆರೋಪ ಹೊತ್ತವನು ನನ್ನ ಹಳೆಯ ಶಿಷ್ಯ. ದೀಪ ಹಚ್ಚುವ ಹೊತ್ತಿಗೆ ಅವನ ತಂದೆ ನಮ್ಮ ಜಗಲಿಯ ಮೇಲೆ ಬಂದು ಕುಸಿದು ಕುಳಿತನು. “ಮೇಷ್ಟ್ರೇ, ನಮ್ಮ ಹುಡುಗನ್ನ ಹಿಡಕೊಂಡು ಹೋಗ್ಯಾರ್ರೀ. ಇನ್ನು ಅವನು ಮನೀಗೆ ಬರಾಂಗಿಲ್ಲ ಅಂತ ಮಂದಿ ಅಂತಾರ್ರೀ” ಎಂದನು.

ಅವನಿಗೆ ಹೇಳಬೇಕಾದ ಧೈರ್ಯದ ಮಾತು ನನ್ನಲ್ಲಿರಲಿಲ್ಲ. ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ಸ್ವಲ್ಪಮಟ್ಟಿಗೆ ಧರ್ಮಶಾಸ್ತ್ರ ಇಷ್ಟನ್ನು ಓದಿದವನು ನಾನು. ಠಾಣೆಯ ಮೆಟ್ಟಿಲು ಹತ್ತುವುದೇ ಅಪಕೀರ್ತಿಯೆಂದು ನಂಬಿ ಅರುವತ್ತು ವರ್ಷ ಕಳೆದಿದ್ದೆನು. ಆದರೂ ಮರುದಿನ ಬೆಳಗ್ಗೆ ಆ ತಂದೆಯೊಡನೆ ಹರಪನಹಳ್ಳಿಯ ಬಸ್ಸು ಹತ್ತಿದೆನು.

ಪೇಟೆಯಲ್ಲಿ ಚಹದ ಅಂಗಡಿಯೊಂದರ ಮುಂದೆ ಅಪರಿಚಿತನೊಬ್ಬನು ನಮ್ಮ ಮುಖ ನೋಡಿಯೇ ಸಂಕಟವನ್ನು ಓದಿಬಿಟ್ಟನು. ಇಪ್ಪತ್ತು ಸಾವಿರ ರೂಪಾಯಿ ಕೊಟ್ಟರೆ ಹುಡುಗನು ಸಂಜೆಯೊಳಗೆ ಮನೆಯಲ್ಲಿರುವನೆಂದೂ, ವಕೀಲರ ಗೊಡವೆಯೇ ಬೇಡವೆಂದೂ ಹೇಳಿದನು. ತಂದೆಯು ಹೆಂಡತಿಯ ಬಂಗಾರವನ್ನು ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದನು. ನಿಜವನ್ನು ಹೇಳುವುದಾದರೆ, ಕೊಟ್ಟುಬಿಡೋಣವೆಂದು ನನಗೂ ಅನ್ನಿಸಿತು. ರಸೀದಿ ಕೊಡುವೆಯಾ ಎಂದು ನಾನು ಕೇಳಿದ್ದು ಜಾಣತನದಿಂದಲ್ಲ, ಮೇಷ್ಟರ ಅಭ್ಯಾಸಬಲದಿಂದ. ಅವನು ನಕ್ಕು ಹೊರಟುಹೋದನು.

ನ್ಯಾಯಾಲಯದ ಆವರಣದಲ್ಲಿ ಗುಮಾಸ್ತರೊಬ್ಬರು ನಮ್ಮನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳುಹಿಸಿದರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಬಂಧನದಲ್ಲಿರುವ ಯಾವನೇ ಆಗಲಿ, ಅವನ ವರಮಾನವೆಷ್ಟೇ ಇರಲಿ, ವೆಚ್ಚವಿಲ್ಲದೆ ವಕೀಲರನ್ನು ಪಡೆಯಲು ಅರ್ಹನು. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಸಹ ಹಾಗೆಯೇ. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ದಾರಿ ತೋರಿಸುವರು. ಧರ್ಮಕ್ಕೆ ಬಂದ ವಕೀಲರು ಮನಸ್ಸಿಟ್ಟು ಕೆಲಸ ಮಾಡುವರೇ ಎಂಬ ಸಂಶಯ ನನಗಿದ್ದಿತು. ಸಮಿತಿಯವರು ನೇಮಿಸಿದವರು ನನ್ನ ಮಗಳ ವಯಸ್ಸಿನ ಒಬ್ಬ ಹೆಣ್ಣುಮಗಳು. ಆಕೆಯು ಮೊದಲು ಕೇಳಿದ್ದು ಹಣವನ್ನಲ್ಲ, ಹಿಡಿದ ಹೊತ್ತನ್ನು. ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಹಿಡಿದ ಕಾರಣವನ್ನು ಅವನಿಗೆ ತಿಳಿಸಲೇಬೇಕು. ತನಗೆ ಬೇಕಾದ ವಕೀಲರೊಡನೆ ಆಲೋಚಿಸುವ ಹಕ್ಕು ಅವನಿಗುಂಟು. ಇವು ಸಂವಿಧಾನದ 22ನೆಯ ಅನುಚ್ಛೇದದ ಮಾತುಗಳೆಂದು ಆಕೆ ತಿಳಿಸಿದಾಗ, ಗಣರಾಜ್ಯೋತ್ಸವದ ದಿನ ವರ್ಷವರ್ಷವೂ ಸಂವಿಧಾನದ ಮೇಲೆ ಭಾಷಣ ಮಾಡಿದ್ದ ನಾನು ತಲೆ ತಗ್ಗಿಸಿದೆನು.

ಜಾಮೀನಿನ ವಿಚಾರವನ್ನೂ ಆಕೆಯೇ ಬಿಡಿಸಿ ಹೇಳಿದರು. 2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಗೆ ಬದಲಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಾರಿಯಲ್ಲಿದೆ. ಅಪರಾಧಗಳಲ್ಲಿ ಎರಡು ಬಗೆ. ಮೊದಲನೆಯ ಬಗೆಯಲ್ಲಿ ಜಾಮೀನು ಬಂಧಿತನ ಹಕ್ಕು. ಅದನ್ನು ಠಾಣೆಯಲ್ಲಿಯೇ ಕೊಡಬಹುದು. ಅಂಥವನು ಬಡವನಾಗಿ ಹೊಣೆಗಾರನನ್ನು ತರಲಾರದಿದ್ದರೆ ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡತಕ್ಕದ್ದು. ಎರಡನೆಯ ಬಗೆಯಲ್ಲಿ ನ್ಯಾಯಾಲಯವು ವಿವೇಚಿಸಿ ಕೊಡುವುದು. ಅವನು ಓಡಿಹೋಗುವನೇ, ಸಾಕ್ಷಿಗಳನ್ನು ಬೆದರಿಸುವನೇ, ಆರೋಪವೆಷ್ಟು ಘೋರವಾದುದು ಎಂಬುವನ್ನು ಅಲ್ಲಿ ನೋಡುವರು. ನಮ್ಮ ಹುಡುಗನ ಮೇಲಿನ ಕಲಮುಗಳಲ್ಲೊಂದು ಎರಡನೆಯ ಬಗೆಯದು. ಕೆಳಗಿನ ನ್ಯಾಯಾಲಯವು ನಿರಾಕರಿಸಿದರೆ ಸೆಷನ್ಸ್ ನ್ಯಾಯಾಲಯಕ್ಕೂ ಉಚ್ಚ ನ್ಯಾಯಾಲಯಕ್ಕೂ ಹೋಗಲು ಎಡೆಯುಂಟು. “ಗುರುಗಳೇ, ಜಾಮೀನು ಸಿಕ್ಕರೆ ನಿರಪರಾಧಿ ಎಂದಲ್ಲ, ಸಿಗದಿದ್ದರೆ ಅಪರಾಧಿ ಎಂದೂ ಅಲ್ಲ. ಕರೆದಾಗ ಬರುತ್ತೇನೆ ಎನ್ನುವ ಮಾತಿಗೆ ಅದು ಆಧಾರ, ಅಷ್ಟೇ” ಎಂದರು.

ಮ್ಯಾಜಿಸ್ಟ್ರೇಟರು ಅಂದು ಹುಡುಗನನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದರು. ವಕೀಲರು ಅರ್ಜಿ ಕೊಟ್ಟರು, ಸರ್ಕಾರದ ಪರವಾಗಿ ಆಕ್ಷೇಪಣೆ ಬಂದಿತು, ನಾಲ್ಕಾರು ದಿನಗಳಲ್ಲಿ ಜಾಮೀನಿನ ಆಜ್ಞೆಯಾಯಿತು. ಒಬ್ಬ ಹೊಣೆಗಾರನು ಬೇಕೆಂಬುದು ಷರತ್ತು.

ನನ್ನ ಪರೀಕ್ಷೆ ಮೊದಲಾದುದು ಇಲ್ಲಿಂದ. ಹುಡುಗನ ಸೋದರಮಾವನು ಸಿದ್ಧನಿದ್ದನು. ಆದರೆ ಅವನ ಹೊಲ ಹೊಳೆಯಾಚೆ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಎಂದರೆ ಹಾವೇರಿ ಜಿಲ್ಲೆಯಲ್ಲಿ. ಅನ್ಯ ಜಿಲ್ಲೆಯವನೆಂಬ ಮಾತ್ರಕ್ಕೆ ಹೊಣೆಗಾರನನ್ನು ತಳ್ಳಬಾರದೆಂದು 1978ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಮೋತಿರಾಮನೆಂಬ ಮಧ್ಯಪ್ರದೇಶದ ಗಾರೆಕೆಲಸದವನ ಮೊಕದ್ದಮೆಯಲ್ಲಿ ಹೇಳಿದೆ. ಅವನಿಗೆ 10,000 ರೂಪಾಯಿಯ ಹೊಣೆ ಕೇಳಿ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಒಪ್ಪದೆ ಹೋಗಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಇದನ್ನು ವಾದಿಸಿ ಗೆಲ್ಲಬಹುದು, ಆದರೆ ದಾಖಲೆಗಳ ಪರಿಶೀಲನೆಗೆ ದಿನಗಳು ಹಿಡಿಯಬಹುದು, ಊರಿನವರೇ ಯಾರಾದರೂ ನಿಂತರೆ ನಾಳೆಯೇ ಬಿಡುಗಡೆ ಎಂದರು ವಕೀಲರು. ತಂದೆಯು ನನ್ನನ್ನು ನೋಡಲಿಲ್ಲ; ನೆಲವನ್ನು ನೋಡುತ್ತ ನಿಂತನು. ನನ್ನ ಹೆಸರಿನಲ್ಲಿ ಎರಡೆಕರೆ ಹೊಲವಿರುವುದು ಅವನಿಗೆ ಗೊತ್ತಿದ್ದಿತು.

“ನಾಳೆ ಹೇಳುತ್ತೇನೆ” ಎಂದೆನು. ಆ ಒಂದು ಮಾತಿನಿಂದ ಹುಡುಗನಿಗೆ ಇನ್ನೊಂದು ರಾತ್ರಿಯ ಸೆರೆಯಾಯಿತು.

ರಾತ್ರಿ ನಿದ್ದೆ ಬರಲಿಲ್ಲ. ಹುಡುಗನು ತಲೆ ತಪ್ಪಿಸಿಕೊಂಡರೆ ಹೊಲ ಹೋಗುವುದೇ? ನಾನು ಸತ್ತರೆ ಈ ಹೊಣೆ ಮಕ್ಕಳ ತಲೆಗೆ ಬರುವುದೇ? ಎದ್ದು ಮಿತಾಕ್ಷರೆಯನ್ನು ತೆಗೆದೆನು. ನಮ್ಮ ಕಲ್ಯಾಣದಲ್ಲಿ ಚಾಳುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಗ್ರಂಥವದು. ಯಾಜ್ಞವಲ್ಕ್ಯನು ಹೊಣೆಗಾರನನ್ನು ಪ್ರತಿಭೂ ಎಂದು ಕರೆದು ಮೂರು ಬಗೆಯಾಗಿ ಎಣಿಸುತ್ತಾನೆ: ಕರೆದಾಗ ತಂದು ತೋರಿಸುವ ದರ್ಶನದ ಹೊಣೆ, ಇವನು ನಂಬತಕ್ಕವನೆನ್ನುವ ಪ್ರತ್ಯಯದ ಹೊಣೆ, ಸಾಲ ತೀರಿಸುವ ದಾನದ ಹೊಣೆ. ಮೊದಲಿನ ಎರಡರಲ್ಲಿ ಮಾತು ತಪ್ಪಿದರೆ ಹೊಣೆಗಾರನೇ ತೆರಬೇಕು. ಮೂರನೆಯದು ಮಾತ್ರ ಮಕ್ಕಳಿಗೂ ತಟ್ಟುವುದು. ಇದನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದ್ದೆನು. ಅದು ಮನುಷ್ಯನೊಬ್ಬನ ಬಿಡುಗಡೆಯ ಮಾತೆಂದು ಆಗ ಹೊಳೆದಿರಲಿಲ್ಲ.

ಬೆಳಗ್ಗೆ ವಕೀಲರನ್ನು ಕೇಳಿದಾಗ ಈಗಿನ ಸಂಹಿತೆಯೂ ಅದೇ ಜಾಡಿನಲ್ಲಿರುವುದು ತಿಳಿಯಿತು. ಆರೋಪಿಯು ಬಾರದಿದ್ದರೆ ಮುಚ್ಚಳಿಕೆಯಲ್ಲಿ ಬರೆದ ಮೊತ್ತದವರೆಗೆ ಮಾತ್ರ ಹೊಣೆ. ಅದರಲ್ಲಿಯೂ ಕೊಂಚ ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕುಂಟು. ಮುಚ್ಚಳಿಕೆಯು ಮುಟ್ಟುಗೋಲಾಗುವ ಮುಂಚೆ ಹೊಣೆಗಾರನು ತೀರಿಕೊಂಡರೆ ಅವನ ಆಸ್ತಿಗೆ ಬಾಧೆಯಿಲ್ಲ. ನಂಬಿಕೆ ಹೋದರೆ ಯಾವಾಗ ಬೇಕಾದರೂ ಅರ್ಜಿ ಕೊಟ್ಟು ಬಿಡಿಸಿಕೊಳ್ಳಬಹುದು. ಪಹಣಿ, ಆಧಾರ್, ಭಾವಚಿತ್ರ ಇಷ್ಟನ್ನು ಒಪ್ಪಿಸಿ, ಪ್ರಮಾಣ ಮಾಡಿ ರುಜು ಹಾಕಿದೆನು. ಸಂಜೆ ಹುಡುಗನು ಹೊರಬಂದು ಕಾಲು ಮುಟ್ಟಿ ನಮಸ್ಕರಿಸಿದಾಗ, ಹಿಂದಿನ ರಾತ್ರಿಯನ್ನು ನೆನೆದು ನಾನು ಅವನ ಮುಖವನ್ನು ನೆಟ್ಟಗೆ ನೋಡಲಾರದೆ ಹೋದೆನು.

ಅವನು ಹೊಡೆದನೋ ಇಲ್ಲವೋ ನಾನರಿಯೆನು. ಅದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಕೈ ಮುರಿದವನೂ ನಮ್ಮೂರಿನವನೇ. ಅವನೊಡನೆ ನನ್ನ ಮಾತುಕತೆ ಮೊದಲಿನಂತೆಯೇ ನಡೆದಿದೆ. ನಾನು ಹೊತ್ತದ್ದು ದರ್ಶನದ ಹೊಣೆಯನ್ನು ಮಾತ್ರ. ಮೊಕದ್ದಮೆ ಇನ್ನೂ ಮುಗಿದಿಲ್ಲ. ವಾಯಿದೆಯ ದಿನ ಬೆಳಗಿನ ಬಸ್ಸಿಗೆ ಹೋಗುವ ಮುಂಚೆ ಅವನು ನಮ್ಮ ಬಾಗಿಲಲ್ಲಿ ನಿಂತು, “ಹೊಂಟೀನ್ರೀ ಮೇಷ್ಟ್ರೇ” ಎಂದು ಕೂಗುತ್ತಾನೆ. ಒಳಗಿನಿಂದ ನಾನು “ಹೂಂ” ಎನ್ನುತ್ತೇನೆ. ಇದುವರೆಗೆ ಒಂದು ವಾಯಿದೆಯೂ ತಪ್ಪಿಲ್ಲ.