ಆಗುಂಬೆಯಿಂದ ಹೊರಟವರು

ಆಗುಂಬೆ ಎಂದರೆ ಮಳೆ, ಇಲ್ಲವೇ ಸೂರ್ಯಾಸ್ತ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಸಿಕೊಳ್ಳುವ ಊರಿಗೆ ಬೇರೆ ಗುರುತು ಯಾಕೆ ಬೇಕು? ಆದರೆ ಹಕ್ಕಿ ನೋಡುವ ಹುಚ್ಚು ಹಿಡಿದವರು ಕಾಯುವುದು ಮಾರ್ಚ್ ಕೊನೆ, ಏಪ್ರಿಲ್ ಮೊದಲ ದಿನಗಳಿಗಾಗಿ. ಆಗ ಉಂಬಳದ ಕಾಟವಿಲ್ಲ. ನಾಗಸಂಪಿಗೆಯ ಚಿಗುರು ಕೆಂಪಗೆ ಇಳಿಬಿದ್ದಿರುತ್ತದೆ. ಚಳಿಗಾಲ ಕಳೆಯಲು ಉತ್ತರದಿಂದ ಬಂದಿದ್ದ ಹಕ್ಕಿಗಳು ಗಂಟುಮೂಟೆ ಕಟ್ಟುವ ಹೊತ್ತು ಅದು. ಯುರೋಪಿನವರಿಗೆ ವಸಂತವೆಂದರೆ ಹಕ್ಕಿ ಬರುವ ಕಾಲ. ನಮ್ಮ ಘಟ್ಟಕ್ಕೆ ಅದು ಬೀಳ್ಕೊಡುವ ಕಾಲ.

ಒನಕೆ ಅಬ್ಬಿ ಕಡೆಯ ಕಾಡುದಾರಿ ಹಿಡಿದರೆ ಇನ್ನೂ ಕತ್ತಲಿರುವಾಗಲೇ ಮಲಬಾರ್ ಸಿಳ್ಳಾರ ಶುರುಮಾಡಿರುತ್ತದೆ. ಶಾಲೆಗೆ ಚಕ್ಕರ್ ಹೊಡೆದ ಹುಡುಗ ದಾರಿಯುದ್ದಕ್ಕೂ ಗುರಿಯಿಲ್ಲದೆ ಹಾಕುವ ಸಿಳ್ಳೆಯ ಹಾಗೆ ಅದರ ಹಾಡು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಲು ಇದೇ ಊರನ್ನು ಆರಿಸಿದ್ದರಲ್ಲ, ಸ್ವಾಮಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಎಲ್ಲಿ ಸಿಗಬೇಕು! ಸಿಳ್ಳಾರ ಇಲ್ಲಿಯದೇ ಹಕ್ಕಿ, ಎಲ್ಲಿಗೂ ಹೋಗುವುದಿಲ್ಲ.

ಬೆಳಕು ಹರಿದಂತೆ ಬೇಟೆಯ ಹಿಂಡು ಹಾದುಹೋಗುತ್ತದೆ. ಮುಂದೆ ಭೀಮರಾಜ, ಹಿಂದೆ ಹರಟೆಮಲ್ಲಗಳ ಗಲಾಟೆ, ಮೇಲಿನ ಕೊಂಬೆಗಳಲ್ಲಿ ಕೆಂಡದಂಥ ಚಿತ್ರಪಕ್ಷಿಗಳು. ಇವುಗಳ ನಡುವೆ ಎಲೆಯ ಬಣ್ಣದ್ದೇ ಒಂದು ಪುಟಾಣಿ, ಒಂದು ಕ್ಷಣವೂ ನಿಲ್ಲದೆ, ಎಲೆಯಡಿಯ ಹುಳ ಹೆಕ್ಕುತ್ತ ‘ಚಿ-ರಿ-ವಿ’ ಎನ್ನುತ್ತಿರುತ್ತದೆ. ಹಸಿರು ಉಲಿಯಕ್ಕಿ. ದುರ್ಬೀನಿಗೆ ಸಿಕ್ಕುವಷ್ಟರಲ್ಲಿ ಕುತ್ತಿಗೆ ನೋವು ಗ್ಯಾರಂಟಿ. ನೋಡಲು ಸಪ್ಪೆ, ತೂಕ ಸುಮಾರು 8 ಗ್ರಾಂ. ಇಷ್ಟು ಜೀವ, ಇನ್ನು ಕೆಲವೇ ವಾರಗಳಲ್ಲಿ ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರಗಳ ನಡುವಿನ ಕಾಕಸಸ್ ಬೆಟ್ಟಗಳಲ್ಲಿ ಗೂಡು ಕಟ್ಟುತ್ತಿರುತ್ತದೆ. ದೂರ 4,000 ಕಿಲೋಮೀಟರಿಗೂ ಹೆಚ್ಚು. ಹುಳ ತಿಂದು ಮೈಗೆ ಕೊಬ್ಬು ಕೂಡಿಸಿಕೊಂಡು, ರಾತ್ರಿ ಹೊತ್ತು ನಕ್ಷತ್ರಗಳನ್ನೂ ಭೂಮಿಯ ಕಾಂತಬಲವನ್ನೂ ಗುರುತು ಹಿಡಿದು ಹಾರುತ್ತದೆ ಎಂಬುದನ್ನು ಓದಿ ತಿಳಿದಿದ್ದೇನೆ. ಆದರೂ ಎದುರಿನ ಬಲಿಗೆ ಮರದಲ್ಲಿ ಅದು ಜಿಗಿಯುವುದನ್ನು ಕಂಡಾಗ ನಂಬಿಕೆ ಬರುವುದಿಲ್ಲ.

ನವರಂಗದ ರೀತಿಯೇ ಬೇರೆ. ಅದನ್ನು ನೆಲದಲ್ಲಿ ಹುಡುಕಬೇಕು. ಮೊಂಡು ಬಾಲ, ಕಣ್ಣಿಗೆ ದಪ್ಪನೆಯ ಕಪ್ಪು ಪಟ್ಟಿ, ಹಸಿರು ಬೆನ್ನು, ಭುಜದಲ್ಲಿ ಹೊಳೆವ ನೀಲಿ, ಬಾಲದಡಿ ಕುಂಕುಮ. ಇಷ್ಟೆಲ್ಲ ಬಣ್ಣ ಬಳಿದುಕೊಂಡೂ ತರಗೆಲೆಯ ಮೇಲೆ ಅದು ಕಾಣುವುದೇ ಇಲ್ಲ. ಕೊಕ್ಕಿನಿಂದ ಎಲೆಯೊಂದನ್ನು ಮಗುಚಿ ಎಸೆದಾಗಷ್ಟೇ ಗೊತ್ತಾಗುತ್ತದೆ. ಮುಂಗಾರಿಗೆ ಮೊದಲೇ ಇದು ಮಧ್ಯಭಾರತದ ಕಾಡುಗಳಿಗೋ ಹಿಮಾಲಯದ ತಪ್ಪಲಿಗೋ ಹೊರಡುತ್ತದೆ. ಅಂದಹಾಗೆ, ನೆಲ ನೋಡುತ್ತ ನಡೆಯುವುದು ಇಲ್ಲಿ ಬೇರೆ ಕಾರಣಕ್ಕೂ ಒಳ್ಳೆಯದು: ಇದು ಕಾಳಿಂಗ ಸರ್ಪಗಳು ಜೋಡಿ ಹುಡುಕುವ ಕಾಲ. ರೋಮುಲಸ್ ವಿಟೇಕರ್ 2005ರಲ್ಲಿ ತಮ್ಮ ಮಳೆಕಾಡು ಸಂಶೋಧನಾ ಕೇಂದ್ರಕ್ಕೆ ಆಗುಂಬೆಯನ್ನು ಆರಿಸಿದ್ದು ಸುಮ್ಮನೆ ಅಲ್ಲ.

2007ರಲ್ಲಿ ಆರಂಭವಾದ ‘ಮೈಗ್ರಂಟ್‌ವಾಚ್’ ಯೋಜನೆ ಹಕ್ಕಿಪ್ರಿಯರಿಗೆ ಕೊಟ್ಟ ಕೆಲಸ ಸರಳವಾಗಿತ್ತು: ವಲಸೆ ಹಕ್ಕಿ ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಬರೆದಿಡಿ. ಮೊದಲನೆಯದು ಸುಲಭ. ಕಂಡ ಕೂಡಲೇ ಕುಣಿದಾಡಿ ಬರೆಯಬಹುದು. ಕೊನೆಯದು ಹಾಗಲ್ಲ. ಇವತ್ತು ಕಂಡ ಉಲಿಯಕ್ಕಿಯೇ ಈ ವರ್ಷದ ಕೊನೆಯದು ಎಂದು ತಿಳಿಯಲು, ಮುಂದಿನ ಬೆಳಗುಗಳಲ್ಲೂ ಅದೇ ಮರದಡಿಗೆ ಹೋಗಿ ಬರಿಗೈಯಲ್ಲಿ ವಾಪಸಾಗಬೇಕು. ಪಟ್ಟಿ ಉದ್ದ ಮಾಡುವ ಆತುರದವರಿಗೆ ಇದು ಒಗ್ಗುವ ಕೆಲಸವಲ್ಲ. ಹೊರಗಿನಿಂದ ಬಂದ ನಮಗಿಂತ, ತೋಟಕ್ಕೆ ದಿನಾ ಹೋಗುವವರೇ ಇದಕ್ಕೆ ಸರಿ.

ಸುಲಭದ ಪಾಠ ಬೇಕೆಂದರೆ ಬೂದು ಸಿಪಿಲೆ ಇದೆ. ಮಲೆನಾಡಿಗರ ಕುಂಡೆಕುಸ್ಕಗಳಲ್ಲೊಂದು. ಹಳ್ಳದ ಬಂಡೆ ಮೇಲೆ ಬಾಲ ಕುಣಿಸುವ ಗಂಡಿನ ಗಂಟಲು ಚಳಿಗಾಲವಿಡೀ ಬಿಳಿ. ಮಾರ್ಚಿನಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಮೂಡಿ, ಗಡ್ಡ ಬಂದಂತೆ ಕೂಡಿಕೊಳ್ಳುತ್ತದೆ. ಕಪ್ಪು ತುಂಬಿತೋ, ಹೊರಡುವ ದಿನ ಹತ್ತಿರವಾಯಿತು ಎಂದೇ ಲೆಕ್ಕ. ಹೋಗುವುದರಲ್ಲಿ ಮಾತ್ರವಲ್ಲ, ಬರುವುದರಲ್ಲೂ ಅದಕ್ಕೆ ಆತುರ. ಸೆಪ್ಟೆಂಬರಿನಲ್ಲಿ ಮೊದಲು ಹಾಜರಾಗುವವರ ಸಾಲಿನಲ್ಲಿ ಅದೂ ಇರುತ್ತದೆ. ಆಗುಂಬೆಯಲ್ಲಿ ಆಗಿನ್ನೂ ಮಳೆ ಬಿಟ್ಟಿರುವುದಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ದುರ್ಬೀನು ಹಿಡಿದೇ ಹೋಗಬೇಕು.