ಒಂದಿಂಚಿಗೆ ಒಂದಡಿ

ಕಳೆದ ಬೇಸಿಗೆಯಲ್ಲಿ ನಾವೇ ತೆಗೆದಿದ್ದ ಹಳೆಯ ಫೋಟೋ ಒಂದನ್ನು ನಮ್ಮ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬಿಡಿಸಿದೆವು. ನೋಡಿ ಹೋದ ಶಾಲಾ ಮಿತ್ರರು "ಹೇಗೆ ಮಾಡಿದಿರಿ ಮಾಸ್ಟ್ರೇ, ಶಾಲೆಯ ಗೋಡೆಗೂ ಆದೀತಾ?" ಎಂದು ಕೇಳುತ್ತಲೇ ಇದ್ದಾರೆ. ಪ್ರತಿಯೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದಿಡುತ್ತೇವೆ. ನಾವು ಚಿತ್ರಕಲಾ ಶಿಕ್ಷಕರಲ್ಲ. ಟಿ.ಸಿ.ಎಚ್.ನಲ್ಲಿ ಚಾರ್ಟು ಬರೆದು ಬರೆದು ಕೂಡಿಬಂದ ಕೈ, ಅಷ್ಟೇ.

ಗೋಡೆಗೆ ಬಣ್ಣ ಹಚ್ಚುವ ಹುಚ್ಚು ನಮಗಿರಲಿಲ್ಲ. ಕಾರಣ ನಮ್ಮ ಅಮ್ಮ. ಅವರ ಕಣ್ಣಿನ ಅಕ್ಷಿಪಟಲದ ನಡುಭಾಗ ಸವೆದಿದೆ. ಹೋದ ದೃಷ್ಟಿ ಮರಳಿ ಬರುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಈ ತೊಂದರೆಯಲ್ಲಿ ನೇರವಾಗಿ ನೋಡಿದ್ದು ಮಸುಕು, ಬದಿಯದ್ದು ಕಾಣುತ್ತದೆ. ಹಾಗಾಗಿ ಅಮ್ಮ ನಮ್ಮ ಮುಖ ನೋಡಬೇಕಾದರೆ ನಮ್ಮ ಕಿವಿಯ ಆಚೆಗೆಲ್ಲೋ ನೋಡುತ್ತಾರೆ. ಆಲ್ಬಮ್ ಕೈಗೆ ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡಿ, ಕೆಳಗಿಟ್ಟುಬಿಡುತ್ತಾರೆ.

ಅವರು ಕೇಳುತ್ತಿದ್ದುದು ಒಂದೇ ಫೋಟೋ. 2000ದಲ್ಲಿ ಟಿ.ಸಿ.ಎಚ್. ಮುಗಿಸಿ ಊರಿಗೆ ಬಂದಾಗ, ಗೆಳೆಯರೊಬ್ಬರ ಕ್ಯಾಮೆರಾದ ರೀಲಿನಲ್ಲಿ ಉಳಿದಿದ್ದ ಕೊನೆಯ ಒಂದು ಫೋಟೋ ಹಳೆಯ ಮನೆಯ ಅಂಗಳದ್ದಾಯಿತು. ಹಂಚಿನ ಮಾಡು, ಕೆಂಪುಕಲ್ಲಿನ ಬಾವಿಕಟ್ಟೆ, ಅಂಗಳ ತುಂಬ ಒಣಗಲು ಹರವಿದ ಅಡಿಕೆ, ಜಗಲಿಯ ಅಂಚಿನಲ್ಲಿ ಹಾಳೆ ಮುಟ್ಟಾಳೆ ಇಟ್ಟುಕೊಂಡು ಅಡಿಕೆ ಸುಲಿಯುತ್ತಿರುವ ಅಪ್ಪ. 2012ರಲ್ಲಿ ಪಾಲಾಗಿ ಆ ಮನೆ ಕೆಡವಿದರು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ನೆಗೆಟಿವಿಗೆ ಬೂಸ್ಟು ಹಿಡಿದು ಎಲ್ಲ ಒಂದಕ್ಕೊಂದು ಅಂಟಿತ್ತು. ಉಳಿದದ್ದು ಆರಿಂಚು ಅಗಲ, ನಾಲ್ಕಿಂಚು ಎತ್ತರದ ಒಂದು ಪ್ರತಿ.

ಮೊದಲು ನಾವು ವಿಚಾರಿಸಿದ್ದು ಪ್ರಿಂಟ್ ಮಾಡಿಸುವುದನ್ನೇ. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಆರಿಂಚಿಗೆ 3600 ಚುಕ್ಕಿ ಸಿಗುತ್ತದೆ. ಅದನ್ನೇ ಆರಡಿಗೆ, ಎಂದರೆ 72 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 50 ಚುಕ್ಕಿ. ದೂರದಿಂದ ನೋಡುವುದಕ್ಕೆ ಅಷ್ಟು ಸಾಕು ಎನ್ನುತ್ತಾರೆ ಪ್ರಿಂಟಿನವರು, ಅದು ಸುಳ್ಳೂ ಅಲ್ಲ. ಆದರೆ ಫ್ಲೆಕ್ಸ್ ಹೊಳೆಯುತ್ತದೆ. ಎದುರಿನ ಕಿಟಕಿಯ ಬೆಳಕು ಅದರ ಮೇಲೆ ಬಿದ್ದರೆ ನಮಗೇ ಕಾಣುವುದಿಲ್ಲ, ಇನ್ನು ಅಮ್ಮನಿಗೆ? ಅಂಟಿಸುವ ವಿನೈಲ್ ಹಾಳೆ ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆಗೆ ಸರಿಯಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಗೋಡೆ ಕುಡಿದ ನೀರು ಹೊರಗೆ ಬರಲು ದಾರಿ ಬೇಕು. ವಿನೈಲ್ ಆ ದಾರಿಯನ್ನು ಮುಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಮ್ಮನಿಗೆ ಬೇಕಾದದ್ದು ಫೋಟೋದ ಸಣ್ಣಸಣ್ಣ ವಿವರವಲ್ಲ. ಕಪ್ಪು ಎಲ್ಲಿ, ಬಿಳುಪು ಎಲ್ಲಿ ಎಂಬುದು ಕಣ್ಣಿಗೆ ಹೊಡೆಯಬೇಕು. ಹಾಗಾಗಿ ಕೈಯಲ್ಲೇ ಬರೆಯುವುದೆಂದು ನಿಶ್ಚಯಿಸಿದೆವು.

ಪ್ರೊಜೆಕ್ಟರ್ ಇದ್ದರೆ ಕೆಲಸ ಸುಲಭ ಎಂದು ಹಲವರು ಹೇಳಿದರು. ಹೌದು, ಆದರೆ ಶಾಲೆಯ ಪ್ರೊಜೆಕ್ಟರ್ ಶಾಲೆಗೆ. ನಮಗೆ ಗೊತ್ತಿದ್ದದ್ದು ಚೌಕದ ವಿಧಾನ. ಆರಿಂಚು ಆರಡಿಯಾಗಬೇಕು, ನಾಲ್ಕಿಂಚು ನಾಲ್ಕಡಿ. ಒಂದಿಂಚಿಗೆ ಒಂದಡಿ, ಹನ್ನೆರಡು ಪಟ್ಟು. ಫೋಟೋದ ಪ್ರಿಂಟ್‌ಔಟಿನ ಮೇಲೆ ಅರ್ಧ ಇಂಚಿನ ಚೌಕ ಎಳೆದರೆ ಅಡ್ಡಕ್ಕೆ 12, ಉದ್ದಕ್ಕೆ 8, ಒಟ್ಟು 96 ಚೌಕ. ಗೋಡೆಯಲ್ಲಿಯೂ ಅಷ್ಟೇ, ಆದರೆ ಒಂದೊಂದೂ ಅರ್ಧ ಅಡಿ. (ಐದನೆಯವರಿಗೆ ಅನುಪಾತ ಪಾಠ ಮಾಡುವವರು ಇದನ್ನು ಉಪಯೋಗಿಸಬಹುದು. ಉದ್ದ 12 ಪಟ್ಟಾದರೆ ವಿಸ್ತೀರ್ಣ ಎಷ್ಟು ಪಟ್ಟು ಎಂದು ಕೇಳಿ. ಹನ್ನೆರಡು ಎಂದು ಕೂಗುವವರೇ ಹೆಚ್ಚು. 144 ಎಂದು ತೋರಿಸಲು ಗೋಡೆಗಿಂತ ಒಳ್ಳೆಯ ಕಪ್ಪುಹಲಗೆ ಇಲ್ಲ.)

ಅದಕ್ಕೂ ಮೊದಲು ಗೋಡೆ ಒಣಗಿದೆಯೇ ನೋಡಬೇಕು. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಬದಿ ಟೇಪು ಅಂಟಿಸಿ ಎರಡು ದಿನ ಬಿಡಿ. ಒಳಗೆ ನೀರಹನಿ ಕೂತರೆ ಗೋಡೆ ಇನ್ನೂ ಹಸಿ. ನಾವು ಫೆಬ್ರವರಿ ಕೊನೆಗೆ ಹಾಗೆ ನೋಡಿ, ಹಳೆಯ ಸುಣ್ಣ ಕೆರೆದು, ಮರಳು ಕಾಗದ ತಿಕ್ಕಿ, ನೀರಿನ ಪ್ರೈಮರ್ ಹಚ್ಚಿದೆವು. ಬಣ್ಣವೂ ನೀರಿನದ್ದೇ, ಹೊಳಪಿಲ್ಲದ ಎಮಲ್ಶನ್. ದಾರಕ್ಕೆ ನೀಲಿ ಹುಡಿ ಸವರಿ, ಎರಡು ಕಡೆ ಬಿಗಿಹಿಡಿದು, ನಡುವೆ ಎಳೆದು ಬಿಟ್ಟರೆ ಗೆರೆ ಬೀಳುತ್ತದೆ. ಬಡಗಿಗಳು ಮಾಡುವುದೂ ಹೀಗೆಯೇ.

ದಾರದ ಇನ್ನೊಂದು ತುದಿ ಹಿಡಿದದ್ದು ಪಕ್ಕದ ಮನೆಯ ಹುಡುಗ, ಮಲಯಾಳಂ ಮಾಧ್ಯಮದವ. ಚೌಕಗಳ ಗುರುತಿಗೆ ಮೇಲಿಂದ ಕ, ಖ, ಗ, ಘ ಎಂದು ಠದವರೆಗೆ ಹನ್ನೆರಡು ಅಕ್ಷರ ಬರೆದೆವು, ಬದಿಯಲ್ಲಿ 1ರಿಂದ 8. ಅವನಿಗೆ ನಮ್ಮ ಲಿಪಿ ಬಾರದು, ಕ್ರಮ ಮಾತ್ರ ಅದೇ. ಎರಡು ದಿನದಲ್ಲಿ "ಮಾಷೇ, ಝ ಮೂರರಲ್ಲಿ ಹಂಚು ಮುಗಿಯಲಿಲ್ಲ" ಎಂದು ಕೂಗತೊಡಗಿದ. ಕನ್ನಡದ ಹನ್ನೆರಡು ಅಕ್ಷರ ಅವನಿಗೆ ಪುಕ್ಕಟೆ ಬಂತು.

ಬಣ್ಣ ಕಡಿಮೆ ಮಾಡಲು ಜಿಂಪ್ ಬಳಸಿದೆವು. ನಮ್ಮ ಮಕ್ಕಳು ಐಸಿಟಿ ಪಾಠದಲ್ಲಿ ಕಲಿಯುತ್ತಾರಲ್ಲ, ಅದೇ. ಮೊದಲು ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ನಂತರ ಪೋಸ್ಟರೈಸ್‌ನಲ್ಲಿ ನಾಲ್ಕು ಹಂತ ಇಡಬೇಕು. ಆಗ ಫೋಟೋ ಭೂಪಟದ ಹಾಗೆ ತುಂಡುತುಂಡಾಗುತ್ತದೆ. ತುಂಡಿನ ಅಂಚನ್ನು ಗೋಡೆಗೆ ಇಳಿಸಿದರೆ ಸಾಕು. ಬಿಳಿ, ಅಡಿಕೆಯ ಹಳದಿ, ಹಂಚಿನ ಕಾವಿ, ಕಪ್ಪು. ಹಸುರು ಬೇಕೆಂದು ಮನೆಯಲ್ಲಿ ಚರ್ಚೆಯಾಯಿತು. ಕೇರಳದ ದೇವಸ್ಥಾನಗಳ ಭಿತ್ತಿಚಿತ್ರಗಳಲ್ಲಿ ಹಸುರೂ ಸೇರಿ ಐದೇ ಬಣ್ಣ ಇರುವುದೂ ಮಾತಿಗೆ ಬಂತು. ಕೊನೆಗೆ ತೋಟದ ಭಾಗ ಕಪ್ಪಾಗಿಯೇ ಉಳಿಯಿತು, ಬಿಳಿ ಬಾವಿಕಟ್ಟೆ ಎದ್ದುಕಾಣಲು ಅದೇ ಸರಿ.

ಕೆಲಸ ನಿಂತದ್ದು ಚ ಐದರಲ್ಲಿ. ಅಲ್ಲಿ ಅಪ್ಪನ ಮುಖ. ಫೋಟೋದಲ್ಲಿ ಅದು ಉದ್ದಿನ ಕಾಳಿನಷ್ಟು, ಗೋಡೆಯಲ್ಲಿ ಎರಡಿಂಚು. ಸ್ಕ್ಯಾನನ್ನು ಎಷ್ಟು ಹಿಗ್ಗಿಸಿದರೂ ನಾಲ್ಕು ಕಲೆ, ಅದರೊಳಗೆ ಕಣ್ಣಿಲ್ಲ, ಮೂಗಿಲ್ಲ. ಇಲ್ಲದ್ದನ್ನು ಚೌಕ ದೊಡ್ಡದು ಮಾಡಿ ಕೊಡುವುದಿಲ್ಲ. ಮಗಳು ಮೊಬೈಲಿನಲ್ಲಿ ಹಳೆಯ ಫೋಟೋ ಸ್ಪಷ್ಟ ಮಾಡುವ ಎಐ ಆ್ಯಪ್ ಹಾಕಿ ನೋಡಿದಳು. ಕ್ಷಣದಲ್ಲಿ ಮುಖ ಬಂತು. ನೆಟ್ಟಗಿನ ಮೂಗು, ತುಂಬಿದ ಕೆನ್ನೆ, ಚಂದದ ಗಂಡಸು. ಅಮ್ಮ ಮೊಬೈಲನ್ನು ಕಣ್ಣಿನ ಬದಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಇವರು ಯಾರು ಮಗಾ?"

ನಾವು ಯಾರೂ ಮಾತಾಡಲಿಲ್ಲ. ಆ ಆ್ಯಪ್ ಸಾವಿರ ಮುಖ ನೋಡಿ ಒಂದು ಮುಖ ಊಹಿಸುತ್ತದೆಯೇ ಹೊರತು ಆ ದಿನ ನಮ್ಮ ಜಗಲಿಯಲ್ಲಿ ಕುಳಿತವರನ್ನು ಅದು ಕಂಡದ್ದಿಲ್ಲ. ಹಳೆಯ ಗುರುತುಚೀಟಿಯ ಫೋಟೋದಿಂದ ಮುಖ ತೆಗೆದು ಕೂರಿಸೋಣ ಎಂಬ ಸಲಹೆಯೂ ಬಂತು. ಅದು ಕ್ಯಾಮೆರಾದ ಎದುರು ಉಸಿರು ಹಿಡಿದ ಮುಖ. ಅಡಿಕೆ ಸುಲಿಯುವವರಿಗೆ ಅದು ಹೊಂದುವುದಿಲ್ಲ.

ಹಾಗಾಗಿ ಮುಖ ಬರೆಯಲಿಲ್ಲ. ಕಾವಿಯ ಒಂದು ಕಲೆ, ಅದರ ಮೇಲೆ ಬಲಕ್ಕೆ ತುಸು ವಾಲಿದ ಬಿಳಿ ಮುಟ್ಟಾಳೆ, ಹಿಂದೆ ಬಾಗಿಲಿನ ಕಪ್ಪು. ಎಡ ಭುಜ ತಗ್ಗಿದ್ದು, ಒಂದು ಮೊಣಕಾಲು ಮೇಲೆದ್ದದ್ದು, ಇವಿಷ್ಟನ್ನು ಮಾತ್ರ ಅಳತೆ ತಪ್ಪದಂತೆ ಮೂರು ಸಲ ಅಳಿಸಿ ಬರೆದೆವು. ಚಿತ್ರದಲ್ಲಿ ಹೆಚ್ಚು ಸಮಯ ತಿಂದದ್ದು ಈ ಒಂದು ಚೌಕ ಮತ್ತು ಅದರ ಸುತ್ತಿನ ನಾಲ್ಕು. ಉಳಿದ 91 ಚೌಕಕ್ಕೆ ಹನ್ನೊಂದು ದಿನ ಸಾಕಾಯಿತು, ಶಾಲೆ ಬಿಟ್ಟು ಬಂದ ಮೇಲಿನ ಹೊತ್ತು ಮತ್ತು ಎರಡು ಭಾನುವಾರ.

ನೀಲಿ ಗೆರೆ ಒರಸಿದ ಸಂಜೆ ಅಮ್ಮ ಮಂಚದಲ್ಲಿ ಕುಳಿತು, ಎಂದಿನ ಹಾಗೆ ಮುಖ ಕಿಟಕಿಯತ್ತ ತಿರುಗಿಸಿದರು. ಗೋಡೆ ಅವರ ಕಣ್ಣಿನ ಬದಿಗೆ ಬರಬೇಕಲ್ಲ. "ಮುಟ್ಟಾಳೆ ಯಾವಾಗಲೂ ಓರೆಯೇ," ಎಂದರು. ಆಮೇಲೆ ಬಾವಿಕಟ್ಟೆ ಸಿಕ್ಕಿತು. ನಂತರ "ನಾಯಿ ಎಲ್ಲಿ?" ಎಂದು ಕೇಳಿದರು. ಫೋಟೋ ತೆಗೆದಾಗ ನಾಯಿ ಅಲ್ಲಿರಲಿಲ್ಲ. ಮರುದಿನ ಠ ಎಂಟರಲ್ಲಿ, ಅಡಿಕೆಯ ಅಂಚಿಗೆ, ಸುರುಳಿ ಸುತ್ತಿ ಮಲಗಿದ ಕಪ್ಪು ನಾಯಿಯೊಂದನ್ನು ಸೇರಿಸಿದೆವು.

ಶಾಲೆಯ ಗೋಡೆಗೆ ಮಾಡುವವರಿಗೆ ಒಂದು ಮಾತು: ಮಳೆ ಬಡಿಯುವ ಪಡುವಣ ಗೋಡೆ ಬೇಡ, ನೆಲದಿಂದ ಎರಡಡಿ ಬಿಟ್ಟು ಮೇಲೆ ಶುರುಮಾಡಿ. ಒಂದೊಂದು ಚೌಕ ಒಬ್ಬೊಬ್ಬ ಮಗುವಿಗೆ ಕೊಡಬಹುದು, ಅಂಚಿನ ಗೆರೆ ಪಕ್ಕದವರೊಂದಿಗೆ ಕೂಡಬೇಕು ಎಂದು ಮಾತ್ರ ಮೊದಲೇ ಹೇಳಿಡಿ. ನಮ್ಮಲ್ಲಿ ಈ ಮಳೆಗಾಲಕ್ಕೆ ಕೆಳಗಿನ ಸಾಲಿನ ಎರಡು ಚೌಕಗಳಲ್ಲಿ ಉಪ್ಪು ಬಿಳಿಚಿ ಬಂದಿದೆ. ಒದ್ದೆಯಲ್ಲಿ ಅದನ್ನು ಮುಟ್ಟುವುದಿಲ್ಲ. ಫೆಬ್ರವರಿಯಲ್ಲಿ ಒಣ ಕುಂಚದಲ್ಲಿ ಗುಡಿಸಿ, ಆ ಎರಡನ್ನು ಮತ್ತೆ ಬರೆಯುತ್ತೇವೆ. ಬಣ್ಣ ಡಬ್ಬಿಯಲ್ಲಿ ಇನ್ನೂ ಉಳಿದಿದೆ.