ಅಟ್ಟದ ಮೇಲಿನ ತಂಬೂರಿ

ಓದುಗ ಬಾಂಧವರಿಗೆ ಮೊದಲೇ ಹೇಳಿಬಿಡುತ್ತೇನೆ, ಸಂಗೀತದ ಬಗ್ಗೆ ಬರೆಯುವ ಅಧಿಕಾರ ನನಗಿಲ್ಲ. ಮೆಟ್ರಿಕ್ ಪಾಸಾದ ವರ್ಷವೇ ಜತ್ತದಲ್ಲಿ ತಂದೆಯವರ ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕುಳಿತವನು, ಅರವತ್ತು ದಾಟಿದರೂ ಅಲ್ಲೇ ಇದ್ದೇನೆ. ನನಗೆ ಗೊತ್ತಿರುವುದು ಲೆಕ್ಕ ಒಂದೇ. ಆ ಲೆಕ್ಕದಿಂದಲೇ ಇದು ಶುರುವಾಯಿತು.

ಹತ್ತು ವರ್ಷದ ಮೊಮ್ಮಗಳು ರಜೆಗೆ ಬಂದಿದ್ದಳು. ಸಂಗೀತದ ಪ್ರಾರಂಭಿಕ ಪರೀಕ್ಷೆಗೆ ಕೂಡುವವಳಿದ್ದಾಳೆ. "ಅಜ್ಜಾ, ಗಾಂಧರ್ವ ಮಹಾವಿದ್ಯಾಲಯ ಶುರುವಾದದ್ದು ೧೯೦೧ರ ಮೇ ೫ಕ್ಕೆ. ೨೦೨೬ಕ್ಕೆ ಎಷ್ಟು ವರ್ಷ ಹೇಳು ನೋಡೋಣ" ಎಂದಳು. ನೂರಿಪ್ಪತ್ತೈದು ಎಂದೆ. ಖುಷಿಯಾಗಿ ಇನ್ನೊಂದು ಕೇಳಿದಳು: "ಅವ್ವನ ತಂಬೂರಿ ಎಲ್ಲಿದೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ ಅಂತಲ್ಲ. ಅಟ್ಟದ ಮೇಲೆ, ಗೋಣಿಚೀಲಗಳ ಹಿಂದೆ ಇತ್ತು.

೨೦೦೫ರ ಮಾತು. ಮಗಳು ಮಧ್ಯಮಾ ಪೂರ್ಣ ಮುಗಿಸಿ ವಿಶಾರದದ ಫಾರ್ಮು ತುಂಬಿದ್ದಳು. ಅದೇ ತಿಂಗಳು ಸಂಬಂಧ ಗೊತ್ತಾಯಿತು. ಫೀ ಕೇಳಲು ಅಂಗಡಿಗೆ ಬಂದಾಗ, "ಇನ್ನು ಸಾಕು. ನಾಲ್ಕು ಮಂದಿಯ ಮುಂದೆ ಕೂತು ಹಾಡುವ ಸೊಸೆ ಯಾರಿಗೆ ಬೇಕು?" ಎಂದುಬಿಟ್ಟೆ. ಬೀಗರು ಹಾಗೆ ಅಂದಿರಲಿಲ್ಲ. ಅವರನ್ನು ನಾನು ಕೇಳಿಯೂ ಇರಲಿಲ್ಲ. ಅವರು ಅಂದಾರು ಎಂದು ನಾನೇ ಊಹಿಸಿದ್ದು. ಮಗಳು ಎದುರಾಡಲಿಲ್ಲ. ತಂಬೂರಿ ಒರೆಸಿ, ಗವಸಣಿಗೆ ಹಾಕಿ, ತಾನೇ ನಿಚ್ಚಣಿಕೆ ಹತ್ತಿ ಮೇಲಿಟ್ಟಳು. ಬಸದಿಯಲ್ಲಿ ಅವಳು ಆರತಿಯ ಪದ ಹೇಳಿದರೆ ತಲೆದೂಗುತ್ತಿದ್ದವನು ನಾನೇ. ಅವಳ ಮದುವೆಗೆ ಆರ್ಕೆಸ್ಟ್ರಾ ತರಿಸಿ ಸಾವಿರಗಟ್ಟಲೆ ಎಣಿಸಿ ಕೊಟ್ಟವನೂ ನಾನೇ. ಆಗ ಇದು ತಿಳಿಯಲಿಲ್ಲ.

ಇಷ್ಟು ವರ್ಷಗಳ ಮೇಲೆ ಕೆಳಗಿಳಿಸಿದರೆ ತಂಬೂರಿಯ ಕುಂಬಳಕ್ಕೆ ಉದ್ದ ಬಿರುಕು ಬಿಟ್ಟಿತ್ತು, ತಂತಿಗಳೆಲ್ಲ ತುಕ್ಕು. ಗವಸಣಿಗೆಯ ಒಳಗೆ ಮಗಳ ಒಂದು ವಹಿ ಸಿಕ್ಕಿತು. ಮಾರನೆಯ ದಿನ ತಂಬೂರಿ ತೊಡೆಯ ಮೇಲಿಟ್ಟುಕೊಂಡು ಮಿರಜಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ವಹಿ ಓದಿದೆ. ಪರೀಕ್ಷೆಗಾಗಿ ಬರೆದ ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ಚರಿತ್ರೆ ಅದರಲ್ಲಿತ್ತು. ಅಂಚಿನಲ್ಲಿ ಗುರುಗಳ ಕೆಂಪು ಶಾಯಿಯ ಗುರುತು.

ಅವರು ನಮ್ಮ ಸೀಮೆಯವರೇ. ೧೮೭೨ರಲ್ಲಿ ಕುರುಂದವಾಡದಲ್ಲಿ ಹುಟ್ಟಿದರು. ತಂದೆ ಕೀರ್ತನಕಾರರು. ಹುಡುಗನಿದ್ದಾಗ ಪಟಾಕಿ ಸಿಡಿದು ಕಣ್ಣು ಮಂದವಾದವು. ಓದಿನ ದಾರಿ ಮುಚ್ಚಿದ್ದರಿಂದ ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಹತ್ತಿರ ಹಾಡು ಕಲಿತರು. ಆಗ ಗಾಯಕರೆಂದರೆ ಸಂಸ್ಥಾನಿಕರ ಮನೆಯ ಆಳುಗಳ ಹಾಗೆ. ಹಾಡು ಬೇಕು, ಹಾಡುವವನು ಪಂಕ್ತಿಗೆ ಬೇಡ. ಇದನ್ನು ಸಹಿಸದೆ ೧೮೯೬ರಲ್ಲಿ ಮಿರಜು ಬಿಟ್ಟು, ಊರೂರು ಹಾಡುತ್ತ ಉತ್ತರಕ್ಕೆ ಹೋಗಿ, ಲಾಹೋರಿನಲ್ಲಿ ಶಾಲೆ ತೆರೆದರು. ಯಾವ ರಾಜನ ಖಜಾನೆಯನ್ನೂ ನಂಬದೆ ಜನರ ವಂತಿಗೆಯಿಂದ, ಕಛೇರಿಯ ತಿಕೀಟಿನಿಂದ ನಡೆಸಿದರು. ಮರ್ಯಾದಸ್ಥರ ಮನೆಯ ಮಕ್ಕಳು ನಾಚದೆ ಬಂದು ಕಲಿಯಬೇಕು ಎಂಬುದೇ ಅವರ ಹಟ. ಅದಕ್ಕೆಂದೇ ಪಾಠಪುಸ್ತಕ, ಸ್ವರಲಿಪಿ, ಪರೀಕ್ಷೆ, ಶಿಸ್ತು. ಹೆಣ್ಣುಮಕ್ಕಳಿಗಾಗಿ 'ಮಹಿಳಾ ಸಂಗೀತ' ಎಂಬ ಪುಸ್ತಕವನ್ನೇ ಬರೆದರು.

ಅಲ್ಲಿ ವಹಿ ಮುಚ್ಚಿದೆ. ಕವಠೇಮಹಾಂಕಾಳ ದಾಟುವವರೆಗೆ ತೆಗೆಯಲಿಲ್ಲ.

ಮುಂದಿನದು ವ್ಯಾಪಾರಿಗೆ ತಟ್ಟುವ ಭಾಗ. ೧೯೦೮ರಲ್ಲಿ ಮುಂಬಯಿಯಲ್ಲಿ ಶಾಲೆ ತೆರೆದು, ದೊಡ್ಡ ಕಟ್ಟಡಕ್ಕೆ ಸಾಲ ಮಾಡಿದರು. ಸಾಲ ತೀರಲಿಲ್ಲ. ಕೊನೆಗೆ ಆಸ್ತಿ ಹರಾಜಾಯಿತು. ನಮ್ಮ ಪೇಟೆಯಲ್ಲಾದರೆ ಇಂಥವರನ್ನು ದಿವಾಳಿ ಎಂದು ಕರೆದು ಎದ್ದುಹೋಗುತ್ತಾರೆ, ನಾನೂ ಹಾಗೆ ಎದ್ದವನೇ. ೧೯೩೧ರ ಆಗಸ್ಟಿನಲ್ಲಿ ಮಿರಜಿನಲ್ಲೇ ತೀರಿಕೊಂಡರು. ಅದೇ ವರ್ಷ ಶಿಷ್ಯರು ಕೂಡಿ ಗಾಂಧರ್ವ ಮಹಾವಿದ್ಯಾಲಯ ಮಂಡಲ ಕಟ್ಟಿದರು. ಮುಂದೆ ದೇಶ ಇಬ್ಭಾಗವಾಗಿ ಲಾಹೋರು ಆಚೆ ಹೋಯಿತು. ಮೊಮ್ಮಗಳು ಕೂಡುವ ಪರೀಕ್ಷೆ ಆ ಮಂಡಲದ್ದು. ಮಗಳು ಕೂಡದೆ ಉಳಿದದ್ದೂ ಅದರದೇ.

ಮಿರಜಿನಲ್ಲಿ ತಂಬೂರಿ, ಸಿತಾರು ಮಾಡುವ ಮನೆತನಗಳಿರುವ ಓಣಿ ಇದೆ. ದಸರಾ ಸಾಮಾನಿಗೆ ಎಷ್ಟೋ ಸಲ ಆ ಪೇಟೆಗೆ ಹೋಗಿದ್ದರೂ ಆ ಓಣಿಗೆ ತಿರುಗಿರಲಿಲ್ಲ. ಮೇಲೆ ಸಾಲಾಗಿ ಒಣಗಿದ ಕುಂಬಳಗಳು. ಪಂಢರಪುರದ ಕಡೆಯಿಂದ ಬರುತ್ತವಂತೆ. ನಾವು ತೂಕಕ್ಕೆ ಕೊಳ್ಳುವ ಮಾಲು ಅಲ್ಲಿ ದುಂಡಗೆ, ದಪ್ಪಕ್ಕೆ, ಬಾಳಿಕೆಗೆ ಬೆಲೆ ಪಡೆಯುತ್ತದೆ! ವಯಸ್ಸಾದ ಕಾರಾಗೀರ ನಮ್ಮ ತಂಬೂರಿಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದ. ಒಳಗಿಂದ ತೇಪೆ ಕೊಟ್ಟು ಬಿರುಕು ಕೂಡಿಸಬಹುದು, ಜವಾರಿ ಹೊಸದಾಗಿ ತೀಡಬೇಕು, ಹದಿನೈದು ದಿನ ಬೇಕು ಎಂದ. ಚೌಕಾಶಿ ಮಾಡಲಿಲ್ಲ. ನನ್ನ ಮನೆಯವಳಿಗೆ ಇದನ್ನು ಹೇಳಿದರೆ ಇನ್ನೂ ನಂಬುವುದಿಲ್ಲ.

"ಹಾಡುವವರ ಪಟ್ಟಿ ಯಾವುದು? ಅದರಂತೆ ತಂತಿ ಹಾಕಬೇಕು" ಎಂದು ಕೇಳಿದ.

ಪಟ್ಟಿ ಎಂದರೆ ಹಾರ್ಮೋನಿಯಂನ ಯಾವ ಮನೆಯಿಂದ ಅವರ ಷಡ್ಜ ಹಿಡಿಯುತ್ತಾರೆ ಎಂಬುದು. ಏಳು ವರ್ಷ ಮನೆಯಲ್ಲಿ ಕೇಳಿದ ದನಿ. ನನಗೆ ಗೊತ್ತಿರಲಿಲ್ಲ. ಓಣಿಯಲ್ಲೇ ನಿಂತು ಮಗಳಿಗೆ ಫೋನು ಮಾಡಿದೆ. ಎಲ್ಲಿಂದ ಮಾತಾಡುತ್ತಿದ್ದೇನೆ, ಏಕೆ ಬಂದಿದ್ದೇನೆ ಎಂದು ಹೇಳುವಷ್ಟರಲ್ಲಿ ನನ್ನ ಮಾತು ತೊಡರಿತು. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಫೋನು ಕಟ್ಟಾಯಿತೋ ಎಂದು ನೋಡಿದೆ.

"ಆಗ ಕಾಳಿ ಐದು ಇತ್ತು ಅಪ್ಪಾ" ಎಂದಳು. "ಈಗ ಅಷ್ಟು ಏರೋದಿಲ್ಲ. ಕಾಳಿ ನಾಲ್ಕು ಅಂತ ಹೇಳ್ರಿ."

ಜೇಬಿನಲ್ಲಿದ್ದ ಅಂಗಡಿಯ ಚೀಟಿಯ ಹಿಂದೆ 'ಕಾಳಿ ೪' ಎಂದು ಬರೆದು ಕಾರಾಗೀರನ ಕೈಗೆ ಕೊಟ್ಟೆ.